ಸತ್ಯಾಂಶ: ಆಲೂಗಡ್ಡೆಗೆ ಚುಚ್ಚಿದರೆ ಗುಲಾಬಿ ಕಡ್ಡಿ ಬೇಗ ಬೇರು ಬಿಡುತ್ತದೆಯೇ?

ಗುಲಾಬಿ ಕಡ್ಡಿಯನ್ನು ಆಲೂಗಡ್ಡೆಗೆ ಚುಚ್ಚಿ ಹೂತರೆ ಗೆಡ್ಡೆಯ ಪೋಷಕಾಂಶ ಹೀರಿ ಬೇಗ ಬೇರು ಬಿಡುತ್ತದೆ ಎಂಬ ಸಂದೇಶ ವಿಡಿಯೊ ಸಮೇತ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಇದು ನಿಜವಲ್ಲ. ಹೊಸ ಬೇರು ಹುಟ್ಟುವುದು ಕಾಂಡದಲ್ಲೇ ಕೂಡಿಟ್ಟ ಆಹಾರ ಮತ್ತು ಆಕ್ಸಿನ್ ಹಾರ್ಮೋನಿನ ಬಲದಿಂದ. ಗೆಡ್ಡೆಯ ಪಿಷ್ಟವನ್ನು ಬೇರಿಲ್ಲದ ಕಡ್ಡಿ ಹೀರಲಾರದು. ಆಲೂಗಡ್ಡೆ ಕೊಡುವುದು ತೇವ ಮಾತ್ರ. ಅದು ಕೊಳೆತರೆ ಕಡ್ಡಿಯ ಬುಡವೂ ಕಪ್ಪಾಗಿ ಸಾಯುತ್ತದೆ. ವಿಡಿಯೊದಲ್ಲಿ ಕಾಣುವ ಚಿಗುರೂ ಪುರಾವೆಯಲ್ಲ, ಬೇರಿಲ್ಲದ ಕಡ್ಡಿಯೂ ಕೆಲ ದಿನ ಚಿಗುರುತ್ತದೆ.

ಆಲೂಗಡ್ಡೆಯಿಲ್ಲದೆ ಕಡ್ಡಿಗೆ ಬೇರು ಬರಿಸಲು ಕಿಟಕಿಯ ಬಳಿ ಒಂದು ಕುಂಡಕ್ಕೆ ಜಾಗವಿದ್ದರೆ ಸಾಕು. ಹೂ ಮುಗಿದ, ಪೆನ್ಸಿಲ್ ದಪ್ಪದ ರೆಂಬೆಯಿಂದ 12–15 ಸೆಂ.ಮೀ. ಕಡ್ಡಿಯನ್ನು ಗಿಣ್ಣಿನ (ಎಲೆ ಹುಟ್ಟುವ ಜಾಗ) ಕೆಳಗೇ ಕತ್ತರಿಸಿ, ಮೇಲಿನ ಎರಡು ಎಲೆ ಉಳಿಸಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಸಮಪಾಲು ಬೆರೆಸಿ ಒದ್ದೆ ಮಾಡಿ. ಹಿಂಡಿದಾಗ ಒಂದೆರಡು ಹನಿಗಿಂತ ಹೆಚ್ಚು ನೀರು ಬರಬಾರದು. ತಳದಲ್ಲಿ ತೂತಿರುವ 10 ಸೆಂ.ಮೀ. ಕುಂಡದಲ್ಲಿ ನಾಲ್ಕು ಕಡ್ಡಿ ಹಿಡಿಸುತ್ತವೆ. ಎರಡು ಗಿಣ್ಣು ಮುಚ್ಚುವಷ್ಟು ಊರಿ, ಪ್ಲಾಸ್ಟಿಕ್ ಚೀಲ ಹೊದಿಸಿ ಬೆಳಕಿನಲ್ಲಿಡಿ. ನೇರ ಬಿಸಿಲು ಬೇಡವೇ ಬೇಡ, ಚೀಲದೊಳಗೆ ಕಡ್ಡಿ ಬೆಂದುಹೋಗುತ್ತದೆ. ದಿನಕ್ಕೊಮ್ಮೆ ಚೀಲ ತೆರೆದು ಗಾಳಿಯಾಡಿಸಿದರೆ ಬೂಷ್ಟು ಹಿಡಿಯುವುದು ಕಡಿಮೆ. 4–8 ವಾರಗಳ ಬಳಿಕ ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿ ನಿಂತರೆ ಬೇರು ಬಂದಿದೆ.