ಬಿಯರ್ ಇವತ್ತು ಬಂದಿಲ್ಲ

ಮೇ ತಿಂಗಳ ಮಧ್ಯಾಹ್ನ ಮೂರೂವರೆಗೆ ಕಲಬುರಗಿಯಲ್ಲಿ ಎಚ್ಚರ ಇರುವುದು ಎರಡೇ. ಒಂದು ಕೂಲರ್, ಇನ್ನೊಂದು ನಾನು. ಹೊರಗೆ 43 ಡಿಗ್ರಿ ಬಿಸಿಲು. ಓಣಿಯ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಆದರೆ ಥಾಯ್ಲೆಂಡಿನ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದೆ. ಅಲ್ಲಿ ಆಗ ಐದು ಗಂಟೆ. ಆರೇಳು ವರ್ಷದ ಮಕ್ಕಳು ಶಾಲೆ ಮುಗಿಸಿ ಬಂದು, ಟ್ಯಾಬ್ ಮುಂದೆ ಕೂತು, ನನ್ನಿಂದ ಇಂಗ್ಲಿಷ್ ಕಲಿಯುವ ಹೊತ್ತು. ಅವರಿಗೆ ಕನ್ನಡ ಬರುವುದಿಲ್ಲ, ನನಗೆ ಥಾಯ್ ಬರುವುದಿಲ್ಲ, ಇಂಗ್ಲಿಷ್ ಅವರಿಗಿನ್ನೂ ಬಂದಿಲ್ಲ. ಪಗಾರ ಮಾತ್ರ ಬರುತ್ತದೆ, ಅದೂ ತಡವಾಗಿ.

ಗಲಾಟೆ ಶುರುವಾಗಿದ್ದು ಹಾಜರಿಯಿಂದ. ಥಾಯ್ ಮಂದಿಯ ಹೆಸರು ಉದ್ದ, ಅಡ್ಡಹೆಸರು, ಅಂದರೆ ಮನೆತನದ ಹೆಸರು, ಇನ್ನೂ ಉದ್ದ. 1913ರಲ್ಲಿ ಅಲ್ಲಿ ಕಾಯ್ದೆ ಮಾಡಿ ಎಲ್ಲರೂ ಅಡ್ಡಹೆಸರು ಇಟ್ಟುಕೊಳ್ಳಬೇಕು ಅಂದರು. ಒಂದು ಮನೆತನದ್ದು ಇನ್ನೊಂದು ಮನೆತನಕ್ಕೆ ಇರಬಾರದು ಅಂತ ನಿಯಮ ಬೇರೆ. ಹೀಗಾಗಿ ಅದು ಗೂಡ್ಸ್ ಗಾಡಿಯ ಹಾಗೆ ಡಬ್ಬಿ ಸೇರಿಸಿಕೊಳ್ಳುತ್ತಾ ಹೋಗಿದೆ. ಅದನ್ನೆಲ್ಲ ದಿನಾ ಯಾರು ಕರೆಯುತ್ತಾರೆ? ಮನೆಯಲ್ಲೂ ಶಾಲೆಯಲ್ಲೂ ಮಕ್ಕಳಿಗೆ ಚಿಕ್ಕದೊಂದು ಹೆಸರು ಇರುತ್ತದೆ. ಐಸ್, ಬ್ಯಾಂಕ್, ಗಾಲ್ಫ್, ಬೆಂಝ್. ನನ್ನ ಕ್ಲಾಸಿನಲ್ಲಿ ಒಬ್ಬ ಬಿಯರ್ ಇದ್ದಾನೆ. ಮುಂದಿನ ಹಲ್ಲು ಬಿದ್ದ, ಮುದ್ದಾದ ಹುಡುಗ. ಕ್ಯಾಮೆರಾ ಮುಂದೆ ಕೂರುವುದೊಂದು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾನೆ.

ಕೂಲರಿನ ಸದ್ದು ಮೀರಿ ಕೂಗಬೇಕಲ್ವಾ? ಕೂಗುತ್ತೇನೆ. "ವೇರ್ ಈಸ್ ಬಿಯರ್? ಬಿಯರ್, ಕಮ್! ಐ ವಾಂಟ್ ಬಿಯರ್ ನೌ!" ಇಡೀ ಓಣಿ ಮಲಗಿದ ಹೊತ್ತಿನಲ್ಲಿ ಲಿಂಗಾಯತರ ಮನೆಯ ಸೊಸೆಯ ಬಾಯಿಂದ ಈ ಮಾತು. ಅತ್ತೆ ಬಾಗಿಲಿಗೆ ಬಂದು ನಿಂತರು.

"ಏನವಾ, ಬಿಯರ್ ಬಿಯರ್ ಅಂತ ಒದರ್ಲಾಕತ್ತಿಯಲ್ಲ, ಮಂದಿ ಏನ್ ತಿಳ್ಕೋಬೇಕು?"

"ಅತ್ತಿ, ಅದು ಹುಡುಗನ ಹೆಸರ್ರಿ."

ಅವರಿಗೆ ಥಾಯ್ಲೆಂಡಿನ ಬಗ್ಗೆ ಒಂದೇ ಸಂಗತಿ ಗೊತ್ತು, ಅದೂ ನಾನೇ ಹೇಳಿದ್ದು. ಅಲ್ಲಿ 1782ರಿಂದ ಆಳುತ್ತಿರುವ ಚಕ್ರಿ ಮನೆತನದ ರಾಜರಿಗೆಲ್ಲ ರಾಮ ಅಂತಲೇ ಬಿರುದು, ಈಗಿನವರು ಹತ್ತನೇ ರಾಮ. ಕೆಲಸಕ್ಕೆ ಒಪ್ಪಿಗೆ ಸಿಕ್ಕಿದ್ದೇ ಆ ಮಾತಿನ ಮೇಲೆ. ಈಗ ಅದೇ ತಿರುಗಿ ಬಂತು. "ರಾಮನ ರಾಜ್ಯದಾಗ ಕೂಸಿಗಿ ಬಿಯರ್ ಅಂತ ಹೆಸರಿಡ್ತಾರೇನ್?"

ನಮ್ಮ ಎದುರು ಮನೆಯವರ ಅಡ್ಡಹೆಸರು ಉಳ್ಳಾಗಡ್ಡಿ, ಹಿಂದಿನ ಮನೆಯವರದು ಮೆಣಸಿನಕಾಯಿ. ನಾನು ಆ ಕಡೆ ಕೈ ತೋರಿಸಿದೆ ಅಷ್ಟೆ. ಅತ್ತೆ ಸ್ವಲ್ಪ ಹೊತ್ತು ಯೋಚನೆ ಮಾಡಿ ಒಳಗೆ ಹೋದರು.

ಹೆಸರು ಹೋಗಲಿ, ಪಾಠದ ರೀತಿ ಇನ್ನೊಂದು ಕಥೆ. ಜೇಮ್ಸ್ ಆ್ಯಶರ್ ಅಂತ ಅಮೆರಿಕದ ಮನೋವಿಜ್ಞಾನಿ. 1960ರ ದಶಕದಲ್ಲಿ ಒಂದು ಪದ್ಧತಿ ಹುಟ್ಟಿಸಿದರು. ಕೂಸು ಮಾತಾಡುವ ಮೊದಲು ಎಷ್ಟೋ ತಿಂಗಳು ಸುಮ್ನೆ ಕೇಳುತ್ತದೆ, ಹೇಳಿದ್ದನ್ನು ಮೈಯಿಂದ ಮಾಡುತ್ತದೆ. ಹೊಸ ಭಾಷೆಯನ್ನೂ ಹಾಗೇ ಕಲಿಸಿ ಅಂದರು. ಟೀಚರ್ 'ಜಂಪ್' ಅಂದು ಹಾರಬೇಕು, ಮಕ್ಕಳು ನೋಡಿ ಹಾರಬೇಕು. ಒಳ್ಳೇ ಪದ್ಧತಿ, ನಾನು ಒಪ್ಪುತ್ತೇನೆ. ಆದರೆ ಆ್ಯಶರ್ ಸಾಹೇಬರು ಕೂಡು ಕುಟುಂಬದಲ್ಲಿ ಇರಲಿಲ್ಲ ಅಂತ ಕಾಣುತ್ತದೆ. ಶಹಾಬಾದಿ ಪರಸಿಯ ಮೇಲೆ ಸೀರೆ ಸಿಕ್ಕಿಸಿಕೊಂಡು ಕಪ್ಪೆಯ ಥರ ಹಾರುವ ಸೊಸೆಯನ್ನು ಮಾವನವರು ಎರಡು ಸಲ ನೋಡಿದ್ದಾರೆ. ಎರಡು ಸಲವೂ ಏನೂ ಅನ್ನದೆ ಕನ್ನಡಕ ತೆಗೆದು ಒರೆಸಿಕೊಂಡರು.

ಹೋದ ವಾರ ಋತುಗಳ ಪಾಠ ಬಂತು. ಕಂಪನಿಯ ಪುಸ್ತಕ ಯಾವ ದೇಶದವರಿಗೆ ಮಾಡಿದ್ದೋ ಏನೋ, ಅದರಲ್ಲಿ ನಾಲ್ಕು ಋತು. ಥಾಯ್ಲೆಂಡಿನಲ್ಲಿ ಇರುವುದು ಮೂರು: ಬೇಸಿಗೆ, ಮಳೆ, ಸ್ವಲ್ಪ ತಂಪು. ನಮ್ಮಲ್ಲೂ ಮೂರೇ, ಅದರಲ್ಲಿ ಲೆಕ್ಕಕ್ಕೆ ಹಿಡಿಯುವಂಥದ್ದು ಒಂದೇ. ಹಿಮ ಕಾಣದ ಟೀಚರ್, ಹಿಮ ಕಾಣದ ಮಕ್ಕಳಿಗೆ, ಬ್ಯಾಸಗಿಯಲ್ಲಿ 'ವಿಂಟರ್' ಕಲಿಸಬೇಕು. ಚಿತ್ರ ತೋರಿಸಿದರೆ ಸಾಲದು, ಅಭಿನಯ ಬೇಕು ಅಂತ ಕಂಪನಿಯ ಸೂಚನೆ.

ಟ್ರಂಕಿನಿಂದ ಸ್ವೆಟರ್ ತೆಗೆದೆ. ಡಾಂಬರು ಗುಳಿಗೆ ವಾಸನೆ. ಮೇಲೆ ಮಾವನವರ ಮಂಕಿ ಕ್ಯಾಪ್. ಹಿಮಕ್ಕೆ ಹಳೇ ತಲೆದಿಂಬಿನ ಅರಳೆ ಕಿತ್ತು, ಕೂಲರಿನ ಮುಂದೆ ಹಿಡಿದು ಬಿಟ್ಟೆ. ಅದ್ಭುತವಾಗಿ ಹಾರಿತು. ಹಾರಿ ಬಂದು ಬೆವೆತ ನನ್ನ ಮುಖಕ್ಕೇ ಅಂಟಿತು. ಬಾಯೊಳಗೂ ಒಂದಿಷ್ಟು ಹೋಯಿತು. ಆದರೂ ಹಲ್ಲು ಕಟಕಟ ಅನ್ನಿಸಿ, "ಕೋಲ್ಡ್! ಐ ಆ್ಯಮ್ ಕೋಲ್ಡ್!" ಅಂತ ನಡುಗಿದೆ. ಮಕ್ಕಳೂ ನಡುಗಿದರು. ಪಾಠ ರಂಗೇರಿತ್ತು.

ಆಗಲೇ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದ ಪಕ್ಕದ ಮನೆ ಕಾಕು ಬಾಗಿಲು ತೆರೆದರು. ಒಂದೇ ಒಂದು ಕ್ಷಣ ನೋಡಿದರು. "ಯಕ್ಕಾ, ಲಗೂ ಬಾ! ನಿನ ಸೊಸಿಗಿ ಥಂಡಿ ಜ್ವರ ಬಂದು ಏನೇನೋ ಬಡಬಡಸ್ಲಾಕತ್ಯಾಳ!"

ಅತ್ತೆ ಏನೂ ಕೇಳಲಿಲ್ಲ. ನೇರ ಅಡುಗೆಮನೆಗೆ ಹೋಗಿ ಹಿಡಿ ಉಪ್ಪು, ನಾಲ್ಕು ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದರು. ಕ್ಯಾಮೆರಾ ಆನ್ ಇದೆ ಅಂತ ನಾನು ಕಣ್ಣಲ್ಲೇ ಹೇಳಿದೆ. ಜ್ವರದ ಕಣ್ಣು ಹೀಗೇ ತಿರುಗುತ್ತದೆ ಅಂತ ಕಾಕು ಅಂದರು. "ಓಣಿ ಮಂದಿ ಕಣ್ಣು, ದಾರಿ ಮಂದಿ ಕಣ್ಣು" ಅಂತ ಅತ್ತೆ ನನ್ನ ಮಂಕಿ ಕ್ಯಾಪಿನ ಸುತ್ತ ಮುಷ್ಟಿ ತಿರುಗಿಸಿ, ಮೂರು ಸಲ ಥೂ ಥೂ ಥೂ ಅಂದು ಹೊರಗೆ ನಡೆದರು. ಥಾಯ್ ಮಕ್ಕಳ ತಲೆ ಮುಟ್ಟಬಾರದು, ಅಲ್ಲಿ ತಲೆಗೆ ಭಾಳ ಗೌರವ ಅಂತ ಟ್ರೇನಿಂಗಿನಲ್ಲಿ ಹೇಳಿದ್ದರು. ಟೀಚರ್ ತಲೆಯ ಬಗ್ಗೆ ಏನೂ ಹೇಳಿರಲಿಲ್ಲ.

ಸ್ಕ್ರೀನಿನಲ್ಲಿ ಎಲ್ಲರೂ ಸುಮ್ಮನಿದ್ದರು. ಆಮೇಲೆ ಐಸ್ ಮುಷ್ಟಿ ಎತ್ತಿದಳು. ಬ್ಯಾಂಕ್ ಎತ್ತಿದ. ಬಿಯರ್ ಓಡಿ ಬಂದು ಕ್ಯಾಮೆರಾ ಮುಂದೆ ಗಟ್ಟಿಯಾಗಿ ಕೂತು, ತಲೆ ಸುತ್ತ ಕೈ ತಿರುಗಿಸಿ, ಹಲ್ಲಿಲ್ಲದ ಸಂದಿನಿಂದ ಥೂ ಥೂ ಥೂ ಅಂದ. ಆ್ಯಶರ್ ಪದ್ಧತಿ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ನಾನು ನೋಡಿಯೇ ಇರಲಿಲ್ಲ.

ಮರುದಿನ ಸೂಪರ್‌ವೈಸರ್ ಮೆಸೇಜು. ಮಕ್ಕಳು ಊಟಕ್ಕೆ ಮೊದಲು, ಮಲಗುವ ಮೊದಲು ಹೊಸ ಆ್ಯಕ್ಷನ್ ಮಾಡುತ್ತಿದ್ದಾರಂತೆ, ಅದು ಯಾವ ಶಬ್ದಕ್ಕೆ ಅಂತ ಪಾಲಕರು ಕೇಳುತ್ತಿದ್ದಾರಂತೆ. 'ವಿಂಟರ್' ಅಂತ ಬರೆದು ಕಳಿಸಿದೆ. ಅವರು ಚೆನ್ನಾಗಿದೆ ಅಂತ ಹೆಬ್ಬೆರಳಿನ ಗುರುತು ಹಾಕಿ, ಉಳಿದ ಟೀಚರ್‌ಗಳಿಗೂ ಫಾರ್ವರ್ಡ್ ಮಾಡಿದ್ದಾರೆ.