ಕಣ್ಣಿಗೆ ತೋರಿಸಿದ್ದು ಸಾಕು, ಬೆರಳಿಗೆ ಕಲಿಸಿ

ಇವತ್ತು ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಒಂದು ಸ್ತನ ಕ್ಯಾನ್ಸರ್ ಜಾಗೃತಿ ಕಾರ್ಯಕ್ರಮಕ್ಕೆ ಹೋಗಿದ್ದೆ. ಮನೆಗೆ ಬಂದು ನಾಲ್ಕು ಗಂಟೆಯಾಯಿತು, ಸಿಟ್ಟು ಇನ್ನೂ ಇಳಿದಿಲ್ಲ.

ಮುಕ್ಕಾಲು ಗಂಟೆ ಪರದೆಯ ಮೇಲೆ ಚಿತ್ರ ತೋರಿಸಿದರು. ಎಲ್ಲರಿಗೂ ಗುಲಾಬಿ ರಿಬ್ಬನ್, ಒಂದೊಂದು ಕರಪತ್ರ. "ತಿಂಗಳಿಗೊಮ್ಮೆ ನೀವೇ ಪರೀಕ್ಷೆ ಮಾಡಿಕೊಳ್ಳಿ" ಎಂದು ಹತ್ತು ಸಲ ಹೇಳಿದರು. ಹೇಗೆ ಅಂತ ಒಬ್ಬರ ಕೈ ಹಿಡಿದೂ ತೋರಿಸಲಿಲ್ಲ. ಪಕ್ಕದಲ್ಲೇ ಗಂಡಸರು ಮೈಕು ಸರಿ ಮಾಡುತ್ತಾ ನಿಂತಿದ್ದರು. ಆ ಹಾಲ್‌ನಲ್ಲಿ ಯಾವ ಹೆಂಗಸು ಬಾಯಿ ಬಿಟ್ಟು ಪ್ರಶ್ನೆ ಕೇಳುತ್ತಾಳೆ? ರಿಕ್ಷಾದಲ್ಲಿ ಕೂತ ಮೇಲೆ ಅತ್ತೆ ಮೆಲ್ಲಗೆ ಕೇಳಿದರು: "ಅಲ್ಲ ಮಗಾ, ಎಷ್ಟು ಒತ್ತಬೇಕು ಅಂತ ಹೇಳಲೇ ಇಲ್ವಲ್ಲ?"

ಕೇಳಬೇಕಾದ ಪ್ರಶ್ನೆ ಅದೊಂದೇ.

ಅಕ್ಕನಿಗೆ ಸ್ತನ ಕ್ಯಾನ್ಸರ್ ಆದ ವಿಷಯ ನಿಮಗೆಲ್ಲ ಗೊತ್ತು. ಇದನ್ನು ಮಾತ್ರ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ಮೊದಲು ತೋರಿಸಿದ್ದು ನನಗೆ. ನಾನು ಕರಪತ್ರ ಓದಿದವಳು, ವಿಡಿಯೋ ನೋಡಿದವಳು. ಬೆರಳ ತುದಿಯಿಂದ ಮೇಲೆ ಮೇಲೆ ಮುಟ್ಟಿ ನೋಡಿ, "ಏನೂ ಇಲ್ಲ ಕಣೇ, ಸುಮ್ನೆ ಹೆದರಬೇಡ" ಅಂದೆ. ಐದು ತಿಂಗಳು ಹೋಯಿತು. ಗಂಟು ಆಳದಲ್ಲಿತ್ತು. ನನ್ನ ಬೆರಳು ಅಲ್ಲಿಯವರೆಗೆ ಇಳಿದೇ ಇರಲಿಲ್ಲ.

ಆಮೇಲೆ ನಾನು ಕಲಿತದ್ದು ಒಬ್ಬ ನಿವೃತ್ತ ನರ್ಸ್ ಹತ್ತಿರ. ಬಾಗಿಲು ಹಾಕಿದ ಕೋಣೆ, ಐದೇ ಜನ. ಸಿಲಿಕಾನ್‌ನ ಎದೆಯ ಮಾದರಿಯನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿ ಅಂದರು. ಒಳಗೆ ಗಂಟುಗಳಿವೆ, ಹುಡುಕಿ. ಮೊದಲನೆಯದು ತಕ್ಷಣ ಸಿಕ್ಕಿತು. ಎರಡನೆಯದು ಯಾರಿಗೂ ಸಿಗಲಿಲ್ಲ. ಸಿಸ್ಟರ್ ಮೇಲಿನ ಮನೆಯ ಕಾಕೂನ ಬೆರಳ ಮೇಲೆ ತಮ್ಮ ಬೆರಳಿಟ್ಟು ಒತ್ತಿದರು: "ಅಜೂನ್ ದಾಬಾ, ಕಾಕೂ" (ಇನ್ನೂ ಒತ್ತಿ, ಕಾಕೂ). ಕಾಕೂ ಕಣ್ಣು ತೆರೆದು, ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗಿದೆ ಅಂದರು. ಅವರಿಗೆ ಎಪ್ಪತ್ತು ದಾಟಿದೆ. ಆ ಬೆರಳು ಇನ್ನು ಮರೆಯುವುದಿಲ್ಲ.

ಕಲಿಸುವುದಕ್ಕೆ ಇರುವುದೂ ಇಷ್ಟೇ. ಮೂರು ಬೆರಳಿನ ಮೆತ್ತನೆ ಭಾಗ, ತುದಿಯಲ್ಲ. ನಾಣ್ಯದಷ್ಟು ಸಣ್ಣ ಸುತ್ತು. ಒಂದೇ ಜಾಗದಲ್ಲಿ ಮೂರು ಸಲ: ಹಗುರ, ಮಧ್ಯಮ, ಆಮೇಲೆ ಪಕ್ಕೆಲುಬು ತಾಗುವಷ್ಟು. ಸುತ್ತ ಸುತ್ತ ಹೋಗುವುದಕ್ಕಿಂತ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಸಾಲು ಹಿಡಿದು ಹೋದರೆ ಜಾಗ ಬಿಟ್ಟುಹೋಗುವುದು ಕಡಿಮೆ. ಕಂಕುಳು ಬಿಡಬಾರದು. ಗಂಟು ಜಾಸ್ತಿ ಬರುವುದೇ ಆ ಕಡೆಯ ಮೇಲ್ಭಾಗದಲ್ಲಿ. ಪರದೆಯ ಮೇಲೆ ಇದೆಲ್ಲ ತೋರಿಸಬಹುದು, ಒತ್ತಡವನ್ನು ತೋರಿಸಲು ಆಗುವುದಿಲ್ಲ.

ಸ್ವಂತ ಪರೀಕ್ಷೆ ಕಲಿಸಿದರೆ ಸಾವು ಕಡಿಮೆಯಾಗುತ್ತದೆಯೇ ಎಂದು ನೋಡಿದ ಚೀನಾದ ಶಾಂಘೈ ಅಧ್ಯಯನವನ್ನು ಡಾಕ್ಟರ್ ಗೆಳತಿಯರು ನೆನಪು ಮಾಡುತ್ತೀರಿ, ಗೊತ್ತು. ಎರಡೂವರೆ ಲಕ್ಷಕ್ಕೂ ಹೆಚ್ಚು ಗಿರಣಿ ಕೆಲಸದ ಹೆಂಗಸರು. ಅರ್ಧದಷ್ಟು ಜನಕ್ಕೆ ಮಾದರಿ ಇಟ್ಟೇ ಕಲಿಸಿದ್ದರು. 2002ರಲ್ಲಿ ಫಲಿತಾಂಶ ಬಂತು: ಸಾವು ಕಡಿಮೆಯಾಗಲಿಲ್ಲ, ಕ್ಯಾನ್ಸರ್ ಅಲ್ಲದ ಗಂಟುಗಳಿಗೆ ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ಜಾಸ್ತಿಯಾಯಿತು. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಸ್ವಂತ ಪರೀಕ್ಷೆ ಮಾಡಿಕೊಂಡರೆ ಡಾಕ್ಟರೂ ಬೇಡ, ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ) ಕೂಡ ಬೇಡ ಅಂತ ನಾನೆಲ್ಲೂ ಹೇಳಿಲ್ಲ. ಆದರೆ ನಮ್ಮ ಚಾಳುಗಳಲ್ಲಿ ಗಂಟು ಸಿಕ್ಕಿದ ಮೇಲೂ ತಿಂಗಳುಗಟ್ಟಲೆ ಸೆರಗಿನಡಿ ಮುಚ್ಚಿಟ್ಟುಕೊಳ್ಳುವ ಹೆಂಗಸರಿದ್ದಾರೆ. ಅವರ ಮುಂದೆ ಆ ಲೆಕ್ಕ ಇಟ್ಟು ಸುಮ್ಮನಾಗಲು ನನ್ನಿಂದ ಆಗುವುದಿಲ್ಲ.

ನಮ್ಮ ಮುಂಬಯಿಯ ಲೆಕ್ಕವನ್ನೂ ನೋಡಿ. ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರಿದ್ದರು. ಅರ್ಧದಷ್ಟು ಜನರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರ ಹತ್ತಿರ 30% ಕಡಿಮೆ. ಅದು ಸ್ವಂತ ಪರೀಕ್ಷೆ ಅಲ್ಲ, ನಿಜ. ಕಲಿತ ಬೆರಳು, ಅಷ್ಟಂತೂ ನಿಜ ಅಲ್ವಾ?

ಬರುವ ಭಾನುವಾರ ಮಧ್ಯಾಹ್ನ ಸಿಸ್ಟರ್ ನಮ್ಮ ಮನೆಗೇ ಬರುತ್ತಾರೆ, ಮಾದರಿ ಅವರೇ ತರುತ್ತಾರೆ. ಆರೇ ಜನ. ಗಂಡಸರು ಮನೆಯಲ್ಲಿ ಇರುವುದಿಲ್ಲ, ಪರದೆ ಎಳೆದಿರುತ್ತೇನೆ. ಬರುವವರು ಇನ್‌ಬಾಕ್ಸ್‌ಗೆ ಬನ್ನಿ. ಐದೇ ಜಾಗ ಉಳಿದಿದೆ, ಮೊದಲನೆಯ ಹೆಸರು ಅತ್ತೆಯದು.