ಅಪ್ಪ ಅಮ್ಮನ ಮಂಡಿಯ ಎಕ್ಸ್‌ರೇ ನಿಲ್ಲಿಸಿ ತೆಗೆಸಿ

ಮುಂಬಯಿ ಸುತ್ತಿನ ಡೊಂಬಿವಲಿ, ಥಾಣೆ, ಗೋರೆಗಾಂವ್ ಕಡೆಯ ನಮ್ಮವರ ಮನೆಗಳಲ್ಲಿ ಹಿರಿಯರಿಗೆ ಸ್ಟೇಷನ್ನಿನ ಮೆಟ್ಟಿಲು ಹತ್ತಲಾಗದಷ್ಟು ಮಂಡಿ ನೋವು ಬಂತೆಂದರೆ ಮಕ್ಕಳು ನೇರ ಎಂಆರ್‌ಐಗೆ ಕರೆದೊಯ್ಯುತ್ತಾರೆ. ಕಾಳಜಿಯೇನೋ ನಿಜ. ಆದರೆ ಪೆಟ್ಟು ಬೀಳದೆ, ವಯಸ್ಸಿನೊಂದಿಗೆ ಶುರುವಾದ ನೋವಿಗೆ ಮೊದಲು ಬೇಕಾದದ್ದು ಎಕ್ಸ್‌ರೇ, ಅದೂ ನಿಂತು ತೆಗೆಸಿದ್ದು.

ಮೂಳೆಯ ತುದಿಗೆ ಹೊದಿಕೆಯಂತಿರುವ, ವಯಸ್ಸಾದಂತೆ ಸವೆಯುವ ಮೃದು ಎಲುಬು ಅಂದರೆ ಕಾರ್ಟಿಲೇಜ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎರಡು ಮೂಳೆಗಳ ನಡುವಿನ ಸಂದು ಎಷ್ಟು ಕಿರಿದಾಗಿದೆ ಎಂಬುದರಿಂದಲೇ ಸವೆತ ಅಳೆಯಬೇಕು. ಮಲಗಿದರೆ ಮೈಭಾರ ಬೀಳದೆ ಸವೆದ ಮಂಡಿಯಲ್ಲೂ ಸಂದು ಅಗಲವಾಗಿ ಕಾಣುತ್ತದೆ, ರಿಪೋರ್ಟು 'ನಾರ್ಮಲ್' ಎಂದು ಬರುತ್ತದೆ. ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ, ಚಿಪ್ಪು ನೇರ ಮುಂದೆ ನೋಡುವಂತೆ ನಿಲ್ಲಬೇಕು. ಪಕ್ಕದಿಂದ ಒಂದು, ಚಿಪ್ಪಿನ ಹಿಂದಿನ ಸಂದಿಗೆ ಮಂಡಿ ಮಡಚಿಸಿ ತೆಗೆಯುವ 'ಸ್ಕೈಲೈನ್' ಚಿತ್ರ ಒಂದು. ಇಷ್ಟರಲ್ಲೂ ಏನೂ ಕಾಣದೆ ನೋವು ಮಾತ್ರ ಇದ್ದರೆ ರೋಸೆನ್‌ಬರ್ಗ್ ವ್ಯೂ ಕೇಳಿ: ಮಂಡಿ 45 ಡಿಗ್ರಿ ಮಡಚಿ ನಿಂತಾಗ, ಹಿಂದಿನಿಂದ 10 ಡಿಗ್ರಿ ಕೆಳಮುಖವಾಗಿ ಕಿರಣ ಬಿಡುವುದು. ತೊಡೆಮೂಳೆಯ ತುದಿಯ ಹಿಂಭಾಗ ಸವೆದಿದ್ದರೆ ನೆಟ್ಟಗೆ ನಿಂತ ಚಿತ್ರದಲ್ಲಿ ಅದು ಅಡಗಿರುತ್ತದೆ.

ಸವೆತಕ್ಕೆ 1957ರ ಕೆಲ್‌ಗ್ರೆನ್-ಲಾರೆನ್ಸ್ ಶ್ರೇಣಿ ಇದೆ, 0ಯಿಂದ (ಸವೆತವಿಲ್ಲ) 4ರವರೆಗೆ (ತೀವ್ರ ಸವೆತ). ಶ್ರೇಣಿ ಏರಿದಷ್ಟೇ ನೋವೂ ಏರಬೇಕೆಂದಿಲ್ಲ.

ಇನ್ನು ಎಂಆರ್‌ಐ ಯಾಕೆ ತಡೆಯಬೇಕು? ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 50 ದಾಟಿದವರ ಮಂಡಿ ಸ್ಕ್ಯಾನ್ ಮಾಡಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹರಿದಿದ್ದವರಲ್ಲಿ 61%ರಷ್ಟು ಜನರಿಗೆ ಹಿಂದಿನ ತಿಂಗಳು ನೋವು, ಬಿಗಿತ ಯಾವುದೂ ಇರಲಿಲ್ಲ. ರಿಪೋರ್ಟಿನಲ್ಲಿ 'ಟೇರ್' (ಹರಿತ) ಎಂದು ಕಂಡೊಡನೆ ಮನೆಯವರು ಹೆದರಿ ಆಪರೇಷನ್ ಮಾತಿಗೆ ಇಳಿಯುವುದು ನನಗೆ ತೀರಾ ಬೇಸರದ ವಿಷಯ. ಮಂಡಿ ತಿರುಚಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡು ಕಾಲು ಚಾಚಲಾಗದಿದ್ದರೆ, ನಡೆಯುವಾಗ ಕುಸಿದರೆ, ಆಗ ಎಂಆರ್‌ಐ ಬೇಕೇ ಬೇಕು. ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು. ಪೇಸ್‌ಮೇಕರ್ ಇದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ.

ಮಂಡಿಯ ಹಿಂದೆ ನೀರು ತುಂಬಿ ಊದುವ ಬೇಕರ್ ಗಂಟಿಗೆ, ಮಂಡಿಯಲ್ಲಿ ತುಂಬಿದ ನೀರಿಗೆ ಸೋನೋಗ್ರಫಿ ಸಾಕು. ಒಳಗಿನ ಎಸಿಎಲ್ (ತೊಡೆಮೂಳೆ, ಕಾಲಿನ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್) ನೋಡಲು ಅದನ್ನು ನಂಬಬೇಡಿ.

ಮಳೆಗಾಲದಲ್ಲಿ ಜಾರಿಬಿದ್ದವರದು ಬೇರೆ ಲೆಕ್ಕ. ವಯಸ್ಸು 55 ಅಥವಾ ಹೆಚ್ಚಾಗಿದ್ದರೆ, ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮಂಡಿ 90 ಡಿಗ್ರಿ ಮಡಚದಿದ್ದರೆ, ಚಿಪ್ಪನ್ನೋ ಹೊರಬದಿಯ ಸಣ್ಣ ಮೂಳೆಯ ತಲೆಯನ್ನೋ ಒತ್ತಿದಾಗ ನೋವಾದರೆ, ಇದರಲ್ಲಿ ಒಂದಿದ್ದರೂ ಅಂದೇ ಎಕ್ಸ್‌ರೇ. ಇವರನ್ನು ನಿಲ್ಲಿಸಬಾರದು, ಮಲಗಿಸಿಯೇ ತೆಗೆಯಬೇಕು. ಕಾಲಿನ ಮೂಳೆಯ ಮೇಲ್ತಟ್ಟೆ ಒಡೆದಿದ್ದರೆ ಚೂರುಗಳು ಎಷ್ಟು ಕುಸಿದಿವೆಯೆಂದು ತಿಳಿಯಲು ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಹಳೆಯ ಫಿಲ್ಮು, ಸಿಡಿ ಎಸೆಯಬೇಡಿ. ಎರಡು ವರ್ಷದ ನಂತರ ಅದೇ ಭಂಗಿಯಲ್ಲಿ ತೆಗೆದ ಚಿತ್ರದ ಪಕ್ಕ ಇಟ್ಟಾಗಲೇ ಸವೆತದ ವೇಗ ಡಾಕ್ಟರಿಗೆ ಗೊತ್ತಾಗುವುದು.